ಮುದ್ದೆ ಉಣ್ಣುವ ಕೈಯ ಗಿಟಾರು

ಗಿಟಾರ್ ನುಡಿಸುವವರು ಕೈಯಲ್ಲಿರುವ ಪ್ಲಾಸ್ಟಿಕ್ ಚೂರನ್ನು ಬದಿಗಿಟ್ಟು ಬೆರಳಿನಿಂದಲೇ ತಂತಿ ಮೀಟುವುದನ್ನು ಕಲಿಯಬೇಕು. ಒಲೆ ಮುಂದೆ ನಿಲ್ಲುವ ಇವಳಿಗೇನು ಗೊತ್ತು ಅಂತ ಯಾರಾದರೂ ಕೇಳಬಹುದು. ಕೇಳಲಿ. ನನಗೆ ಒಂದು ರಾಗವೂ ಗೊತ್ತಿಲ್ಲ, ನಿಜ. ಆದರೆ ಆ ವಾದ್ಯದ ಜೊತೆ ಒಂದೇ ಸೂರಿನಡಿ ಸಂಸಾರ ಮಾಡಿದವಳು ನಾನು. ಬಾರಿಸಿದಾಗ ಮನೆ ಹೇಗಿತ್ತು, ಮೀಟಿದಾಗ ಹೇಗಾಯಿತು ಎನ್ನುವುದನ್ನು ಹೇಳಬಲ್ಲೆ.

ನಮ್ಮ ಊರು ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿಗೆ ಹೋಗುವ ದಾರಿಯಲ್ಲಿದೆ. ನಮ್ಮ ಯಜಮಾನರಿಗೆ ಊರಿನ ಹಾಲಿನ ಡೇರಿಯಲ್ಲಿ ಕೆಲಸ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಹಾಲು ಅಳೆಯುತ್ತಾರೆ. ನಡುವಿನ ಹೊತ್ತು ಹಿಪ್ಪುನೇರಳೆ ತೋಟಕ್ಕೆ. ಮದುವೆಗೆ ಮುಂಚೆ ಚಿಂತಾಮಣಿಯಲ್ಲಿ ಓದುವಾಗ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ನುಡಿಸುತ್ತಿದ್ದರಂತೆ. ಗಣೇಶನ ಹಬ್ಬದ ಪೆಂಡಾಲಿನಲ್ಲಿ ಡ್ರಮ್ಮು, ಕೀಬೋರ್ಡುಗಳ ಅಬ್ಬರದ ನಡುವೆ ತಮ್ಮದೂ ಕೇಳಿಸಬೇಕಲ್ಲ, ಅದಕ್ಕೆ ಆರೂ ತಂತಿಗಳ ಮೇಲೆ ಪಿಕ್ಕು ಎನ್ನುವ ಆ ಪ್ಲಾಸ್ಟಿಕ್ ಚೂರಿನಿಂದ ಒಟ್ಟಿಗೆ ಬಾರಿಸುವುದೇ ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಆ ಪಿಕ್ಕೋ, ಹೆಬ್ಬೆರಳಿನ ಉಗುರಿನಷ್ಟಗಲದ ವಸ್ತು. ಒಂದು ದಿನವೂ ಇಟ್ಟ ಕಡೆ ಇರುತ್ತಿರಲಿಲ್ಲ. ಅಂಗಿ ಒಗೆಯುವಾಗ ಸಿಕ್ಕಿದೆ, ಒಮ್ಮೆ ರಾಗಿ ಹಿಟ್ಟಿನ ಡಬ್ಬದಲ್ಲೂ ಸಿಕ್ಕಿದೆ. ಕಳೆದುಹೋದಾಗಲೆಲ್ಲ ಹಳೆಯ ಪ್ಲಾಸ್ಟಿಕ್ ಕಾರ್ಡು ಯಾವುದನ್ನಾದರೂ ಕತ್ತರಿಸಿ ಹೊಸದು ಮಾಡಿಕೊಳ್ಳುತ್ತಿದ್ದರು. ಅದಕ್ಕೆ ನನ್ನ ಕತ್ತರಿಯೇ ಆಗಬೇಕು.

ಮನೆಯಲ್ಲಿ ನಿಜವಾಗಿ ಹಾಡುತ್ತಿದ್ದವರು ನಮ್ಮ ಅತ್ತೆ. ಅವರ ತವರು ಕೈವಾರದ ಪಕ್ಕದ ಹಳ್ಳಿ. ಚಿಕ್ಕವರಿದ್ದಾಗಿನಿಂದ ಕೇಳಿ ಕಲಿತ ತೆಲುಗು ತತ್ವಪದಗಳು ಅವರ ನಾಲಿಗೆಯ ಮೇಲೇ ಇದ್ದವು. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವಾಗ ಒಂದು ಪದ ಶುರು ಮಾಡಿದರೆ, ಎರಡನೇ ಚರಣ ಮುಗಿಯುವ ಹೊತ್ತಿಗೆ ನನ್ನ ಒಲೆಯ ಮೇಲಿನ ಹಾಲು ಉಕ್ಕಲು ಬರುತ್ತಿತ್ತು. ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ.

ಆಮೇಲೆ ಅವರ ಗಂಟಲಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ಡಾಕ್ಟರು ಹೇಳಿದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕುಳಿತು ವೆಂಕಟರಮಣನಿಗೆ ಕೈ ಮುಗಿದೆ. ಜೀವ ಉಳಿಯಿತು, ಮಾತು ಉಳಿಯಿತು, ನನ್ನನ್ನು ಬೈಯುವಷ್ಟು ದನಿಯೂ ಉಳಿಯಿತು. ಹಾಡುವ ದನಿ ಮಾತ್ರ ನೂಲಿನಷ್ಟು ಸಣ್ಣಗಾಯಿತು. "ಇರೋ ದನೀನ ಕಾಪಾಡ್ಕೊಳಮ್ಮ, ಕೂಗ್ಬೇಡ" ಎಂದರು ಡಾಕ್ಟರು. ಅತ್ತೆ ರಂಗೋಲಿ ಬಿಡುವಾಗ ಸುಮ್ಮನಿರತೊಡಗಿದರು. ನನ್ನ ಹಾಲು ಉಕ್ಕತೊಡಗಿತು.

ಶ್ರಾವಣದ ಶನಿವಾರಗಳಂದು ನಮ್ಮ ಪಡಸಾಲೆಯಲ್ಲಿ ಭಜನೆ ನಡೆಯುತ್ತದೆ. ಬೀದಿಯ ಹೆಂಗಸರೆಲ್ಲ ಬರುತ್ತಾರೆ. ಎದುರುಮನೆಯ ಅಕ್ಕನ ಕೈಯಲ್ಲಿ ತಾಳ. ಆ ವರ್ಷದ ಮೊದಲ ಶನಿವಾರ ನಮ್ಮ ಯಜಮಾನರು, "ಅಮ್ಮ, ನೀನು ಹಾಡು, ನಾನು ಗಿಟಾರಲ್ಲಿ ಆಸರೆ ಕೊಡ್ತೀನಿ" ಎಂದು ಕುಳಿತರು. ಒಳ್ಳೆಯ ಮನಸ್ಸಿನಿಂದಲೇ ಕುಳಿತರು. ಅತ್ತೆ ಪಲ್ಲವಿ ಎತ್ತಿದರು. ಇವರು ಪೆಂಡಾಲಿನ ಅಭ್ಯಾಸದಲ್ಲಿ ಝಣಝಣ ಬಾರಿಸಿದರು. ಅತ್ತೆಯ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಎರಡನೇ ಸಾಲಿಗೆ ಅವರು ನಿಲ್ಲಿಸಿದರು. ನಿಲ್ಲಿಸಿದ್ದು ಇವರಿಗೆ ತಿಳಿಯಲೂ ಇಲ್ಲ.

"ಸಾಕು ನಿಲ್ಸಪ್ಪ ನಿನ್ನ ಟ್ರ್ಯಾಕ್ಟ್ರು!" ಎಂದು ಎದುರುಮನೆ ಅಕ್ಕ ಕೂಗಿದಾಗ ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ನಕ್ಕು, "ಇನ್ಮೇಲೆ ನೀವೇ ಹಾಡ್ಕಳ್ರಮ್ಮ. ನನ್ನದಾಯ್ತು" ಎಂದು ಗೋಡೆಗೆ ಒರಗಿ ಕುಳಿತರು. ಸುಮ್ಮನೆ ಆಡಿದ ಮಾತಲ್ಲ ಅದು. ಇನ್ನು ಆ ಪದಗಳು ಈ ಮನೆಯಲ್ಲಿ ಕೇಳಿಸುವುದಿಲ್ಲ ಎಂದೇ ಅದರ ಅರ್ಥ.

ಮಾರನೆಯ ದಿನ ಯಜಮಾನರಿಗೆ ಹೇಳಿದೆ, "ರೀ, ನೀವು ಬಾರ್ಸೋದು ಅತ್ತೆ ದನೀನ ಮುಚ್ಚಾಕ್ಬಿಡ್ತದೆ. ಸ್ವಲ್ಪ ಮೆತ್ತಗೆ ನುಡ್ಸಕ್ಕಾಗಲ್ವಾ?"

"ಮೆತ್ತಗೆ ಬಾರ್ಸಿದ್ರೂ ಆರೂ ತಂತಿ ಒಟ್ಟಿಗೇ ಮಾತಾಡ್ತವೆ ಕಣೇ. ಅಮ್ಮನ ದನಿಗೆ ಜಾಗ ಎಲ್ಲಿ? ಬೆರಳಲ್ಲಿ ಒಂದೊಂದೇ ಮೀಟ್ಬೇಕು. ಅದು ನಂಗೆ ಬರಲ್ಲ."

"ಕಲೀರಿ."

"ಈ ವಯಸ್ಸಲ್ಲಾ?"

"ಹಸು ಕರೆಯೋಕೆ ಬೆರಳು ಆಡ್ತವೆ, ತಂತಿ ಮೇಲೆ ಆಡಲ್ವಾ?"

ಅಮ್ಮನಿಗೆ ಮಾತ್ರ ಹೇಳಬೇಡ ಎಂದರು. ಬರದಿದ್ದರೆ ಇನ್ನೊಂದು ಸಲ ಆಸೆ ತೋರಿಸಿ ಕೈ ಬಿಟ್ಟಂತಾಗುತ್ತದೆ ಎಂದು ಅವರ ಅಂಜಿಕೆ. ಡೇರಿಯಿಂದ ಬಂದವರು ತೋಟದ ಮನೆಗೆ ಗಿಟಾರ್ ಒಯ್ದು, ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಕಲಿಯತೊಡಗಿದರು. ದಪ್ಪ ತಂತಿಗಳು ಹೆಬ್ಬೆರಳಿಗೆ, ಸಣ್ಣ ತಂತಿಗಳು ಉಳಿದ ಬೆರಳುಗಳಿಗೆ. ಸೊಪ್ಪು ಕೊಯ್ಯಲು ಹೋದಾಗ ನಾನು ಕೇಳಿದ್ದೇನೆ. ಮೊದಮೊದಲು ಕೋಳಿ ಕಾಳು ಹೆಕ್ಕಿದ ಹಾಗೆ ಇತ್ತು. ಆಮೇಲೆ ಹೆಬ್ಬೆರಳು ತನ್ನ ಪಾಡಿಗೆ ತಾಳ ಹಾಕುತ್ತಾ ಹೋಗುವುದನ್ನೂ, ಉಳಿದ ಬೆರಳುಗಳು ಅದರ ಮೇಲೆ ಹಾಡಿನ ಎಳೆ ಹಿಡಿಯುವುದನ್ನೂ ಕಲಿತವು.

ಆದರೆ ವಿಡಿಯೋದವನು ಬಲಗೈ ಉಗುರು ಬೆಳೆಸಬೇಕು ಎಂದು ಹೇಳಿಬಿಟ್ಟಿದ್ದ. ಇವರು ಬೆಳೆಸಿದರು. ಅವನು ಮುದ್ದೆ ಉಣ್ಣುವವನಲ್ಲ ಎಂಬುದು ಇವರಿಗೆ ಹೊಳೆಯಲಿಲ್ಲ. ಬಿಸಿ ಮುದ್ದೆ ಮುರಿದು ಸೊಪ್ಪಿನ ಸಾರಿಗೆ ಅದ್ದುವ ಕೈಯಲ್ಲಿ ಉಗುರಿದ್ದರೆ ಏನಾಗಬೇಕೋ ಅದೇ ಆಯಿತು. ಒಂದೊಂದು ಉಗುರಿನ ಕೆಳಗೂ ರಾಗಿ ಸೇರಿ ಒಣಗಿ ಸಿಮೆಂಟಾಗುತ್ತಿತ್ತು. ಊಟ ಆದಮೇಲೆ ಹಿತ್ತಲಿನಲ್ಲಿ ಪೊರಕೆ ಕಡ್ಡಿ ಹಿಡಿದು ಕೆರೆದುಕೊಳ್ಳುತ್ತಿದ್ದರು. ಬೇಸತ್ತು ಒಂದು ಮಂಗಳವಾರ ಮಧ್ಯಾಹ್ನ ತಟ್ಟೆ ಮುಂದೆ ಕುಳಿತು, "ಒಂದು ಚಮಚ ಕೊಡೇ" ಎಂದರು.

ಅತ್ತೆಯ ತುತ್ತು ಅರ್ಧದಲ್ಲೇ ನಿಂತಿತು. "ಮುದ್ದೆಗೆ ಚಮಚಾನಾ? ಅಯ್ಯೋ ನಾಯನಾ, ಏನಾಗಿದೆ ನಿನ್ನ ಕೈಗೆ? ತೋರ್ಸು."

ಇವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅತ್ತೆ ಬಿಡಲಿಲ್ಲ, ಎರಡೂ ಕೈ ಹಿಡಿದು ನೋಡಿದರು.

"ಇದೇನೋ ಇದು! ಒಂದು ಕೈ ಮನುಷ್ಯಂದು, ಒಂದು ಕೈ ಪಿಶಾಚಿದು! ಈ ಕೈಲೇ ತೀರ್ಥ ತಗಂತಿದ್ಯಾ ದಿನಾ? ಹೇಳೇ, ನೀನಾದ್ರೂ ನೋಡ್ಬಾರ್ದಾ?"

ನಾನು ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತಾ ನಿಂತೆ. ಹೇಳುವಂತಿಲ್ಲ, ಬಿಡುವಂತಿಲ್ಲ.

"ತಗಂಬಾ ಕತ್ರಿ, ನಾನೇ ತೆಗೀತೀನಿ."

"ಅಮ್ಮ, ಇವತ್ತು ಮಂಗಳವಾರ" ಎಂದರು ಇವರು ಮೆಲ್ಲಗೆ.

ಅತ್ತೆ ನಾಲಿಗೆ ಕಚ್ಚಿಕೊಂಡು ಕೆನ್ನೆ ಬಡಿದುಕೊಂಡರು. ಮಂಗಳವಾರ ಶುಕ್ರವಾರ ನಮ್ಮಲ್ಲಿ ಉಗುರು ತೆಗೆಯುವುದಿಲ್ಲ. "ಸರಿ, ನಾಳೆ ಬುಧವಾರ. ಬೆಳಿಗ್ಗೆ ಎದ್ದವನೇ ತೆಗೀಬೇಕು. ಇಲ್ಲಾಂದ್ರೆ ದೇವರ ಮನೆ ಹೊಸಿಲು ತುಳೀಬೇಡ."

ಬುಧವಾರ ಬೆಳಿಗ್ಗೆ ಇವರು ಜಗುಲಿಯ ಮೇಲೆ ಕುಳಿತು ಒಂದೊಂದೇ ಉಗುರು ತೆಗೆದರು. ಮುಖ ನೋಡಲಾಗುತ್ತಿರಲಿಲ್ಲ. "ಮುಗೀತು ಬಿಡು, ಕಲ್ತಿದ್ದೆಲ್ಲ ಹೋಯ್ತು" ಎಂದು ಡೇರಿಗೆ ಹೊರಟರು. ನಾನು ದೇವರ ಮುಂದೆ ದೀಪ ಹಚ್ಚಿ, ನೀನೇ ದಾರಿ ತೋರಿಸಪ್ಪ ಎಂದೆ. ಗಿಟಾರಿನ ವಿಷಯಕ್ಕೆಲ್ಲ ದೇವರನ್ನು ಕರೆಯಬಹುದೋ ಇಲ್ಲವೋ ಗೊತ್ತಿಲ್ಲ, ನಾನು ಕರೆದೆ.

ಆ ಸಂಜೆ ಹಾಲು ಅಳೆದು ಬಂದವರು ತೋಟಕ್ಕೆ ಹೋಗಲಿಲ್ಲ. ಮುಚ್ಚಿಡುವುದಕ್ಕೆ ಇನ್ನೇನಿದೆ ಎಂದುಕೊಂಡರೋ ಏನೋ, ಪಡಸಾಲೆಯಲ್ಲೇ ಕುಳಿತು ಬರಿ ಬೆರಳಿನ ತುದಿಯಿಂದ ತಂತಿ ಮುಟ್ಟಿದರು. ಉಗುರಿನ ಠಣ್ ಎಂಬ ಚೂಪು ಇರಲಿಲ್ಲ. ಮಡಕೆಯ ನೀರಿಗೆ ಹನಿ ಬಿದ್ದಂಥ ದುಂಡನೆಯ ಸದ್ದು. ಅತ್ತೆ ಬಾಗಿಲ ಬಳಿ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಇವರು ಮೀಟುತ್ತಿದ್ದುದು ರಂಗೋಲಿಯ ಹೊತ್ತಿನ ಅದೇ ಪದ.

ಒಳಗೆ ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಸಾಸಿವೆ ಹಾಕಬೇಕು ಎನ್ನುವಾಗ ಹೊರಗಿನಿಂದ ಸಣ್ಣಗೆ ಏನೋ ಕೇಳಿಸಿತು. ಸಾಸಿವೆ ಮುಷ್ಟಿಯಲ್ಲೇ ಉಳಿಯಿತು, ಒಲೆ ಆರಿಸಿ ಪಡಸಾಲೆಗೆ ಬಂದೆ. ಅತ್ತೆ, ತಲೆ ಎತ್ತದೆ, ಸೊಪ್ಪು ಬಿಡಿಸುತ್ತಲೇ ಹಾಡುತ್ತಿದ್ದರು. ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು.

ಚರಣಕ್ಕೆ ಏರುವಾಗ ದನಿ ಒಡೆಯಿತು. "ಅಷ್ಟು ಮೇಲಕ್ಕೆ ಹೋಗಲ್ಲಪ್ಪ ಈಗ" ಎಂದರು.

"ಇಳಿಸ್ತೀನಿ ತಾಳು" ಎಂದು ಇವರು ಬಿರಡೆ ತಿರುಗಿಸಿ ತಂತಿಗಳನ್ನು ಸಡಿಲ ಮಾಡಿದರು.

"ಇನ್ನೊಂಚೂರು ಇಳ್ಸು. ಹ್ಞಾ, ಅಲ್ಲಿ."

ಆಮೇಲೆ ಮಗನ ಕೈಯನ್ನೇ ನೋಡುತ್ತಾ, "ಇದಕ್ಕಾ ಬೆಳಿಸ್ಕಂಡಿದ್ದೆ?" ಎಂದು ಕೇಳಿದರು. ಇವರು ಹೂಂ ಎಂದರು. ಅತ್ತೆ ಸೊಪ್ಪಿನ ಮೊರ ನನ್ನ ಕಡೆ ತಳ್ಳಿ, ಸೆರಗು ಸರಿಮಾಡಿಕೊಂಡು, "ಮೊದಲಿಂದ ಹಿಡಿ" ಎಂದರು.

ಆ ಶನಿವಾರ, ಶ್ರಾವಣದ ಕೊನೆಯ ಭಜನೆಯಲ್ಲಿ, ಎದುರುಮನೆ ಅಕ್ಕ ತಾಳವನ್ನು ಮಡಿಲಲ್ಲಿ ಇಟ್ಟುಕೊಂಡೇ ಕುಳಿತರು. ಹಾಡಿನ ನಡುವೆ ಉಸಿರು ಸಾಲದೆ ಅತ್ತೆ ನಿಲ್ಲಿಸಿದರು. ಇವರ ಹೆಬ್ಬೆರಳು ಮಾತ್ರ ನಿಲ್ಲಲಿಲ್ಲ. ಅವಸರಪಡಿಸಲೂ ಇಲ್ಲ. ತಾಯಿ ನೀರು ಕುಡಿದು, ಕೆಮ್ಮಿ, ಉಸಿರು ಎಳೆದುಕೊಳ್ಳುವವರೆಗೂ ಅದೊಂದೇ ನಡೆಯುತ್ತಿತ್ತು. ಬಿಟ್ಟ ಕಡೆಯಿಂದಲೇ ಅವರು ಸಾಲು ಹಿಡಿದರು. ಬಾರಿಸುವ ಗಿಟಾರಿಗೆ ಈ ತಾಳ್ಮೆ ಇಲ್ಲ. ಬೆರಳಲ್ಲಿ ಮೀಟುವುದನ್ನು ಕಲಿಯಿರಿ ಎಂದು ನಾನು ಹೇಳುವುದು ಇದಕ್ಕೇ. ನೀವು ನುಡಿಸುವುದರ ಪಕ್ಕದಲ್ಲಿ ಇನ್ನೊಬ್ಬರಿಗೆ ಹಾಡಲು ಜಾಗ ಇರುತ್ತದೆ.

ಮಂಗಳಾರತಿ ತೆಗೆದುಕೊಳ್ಳುವಾಗ ಅಕ್ಕ, "ಇವತ್ತು ಟ್ರ್ಯಾಕ್ಟ್ರು ಆಫ್ ಮಾಡ್ಕಂಡು ಬಂದಿದ್ಯಲ್ಲಪ್ಪ" ಎಂದರು. ನಾಲ್ಕು ಮನೆಗೆ ಕೇಳಿಸುವಂತೆಯೇ ಹೇಳಿದರು.

ಈಗ ಪ್ರತಿ ಬುಧವಾರ ಬೆಳಿಗ್ಗೆ ಪದ ಹಾಡಿಕೊಂಡೇ ರಂಗೋಲಿ ಮುಗಿಸಿ ಒಳಗೆ ಬರುವ ಅತ್ತೆ, "ಎಲ್ಲಿ, ಕೈ ತೋರ್ಸಪ್ಪ" ಎಂದು ಮಗನ ಬಲಗೈ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಉಗುರು ಒಂದು ಕೂದಲೆಳೆ ಹೆಚ್ಚಿದ್ದರೂ ಕತ್ತರಿ ಬರಬೇಕು. ನಾನು ತಂದುಕೊಡುತ್ತೇನೆ. ಆ ಹೊತ್ತಿಗೆ ಒಲೆಯ ಮೇಲಿನ ಹಾಲನ್ನು ನಾನು ಇಳಿಸಿ ಆಗಿರುತ್ತದೆ, ಉಕ್ಕುವ ಮೊದಲೇ.