ಮಲಗಿದ್ದವರನ್ನು ಎಬ್ಬಿಸಿದ್ದು

ನನಗೊಂದು ಕಾಯಿಲೆ ಇದೆ. ವಾರೆಯಾಗಿರುವುದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಬೇರೆಯವರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರ್ ಸರಿಮಾಡಿ, ಆಮೇಲೆ ಕೂರುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರಿನ ಸೀರೆ ಅಂಗಡಿ ಸೇರಿದವನು ಮೂವತ್ತೆಂಟು ವರ್ಷ ಸೀರೆ ಮಡಿಸಿದ್ದರ ಫಲ ಇದು. ಗಿರಾಕಿಗಳು ನಲವತ್ತು ಸೀರೆ ಬಿಚ್ಚಿಸಿ ‘ನಾಳೆ ಬರ್ತೀವಿ’ ಎಂದು ಎದ್ದು ಹೋದರೆ, ಯಾವುದು ಯಾವ ಬೀರುವಿನಿಂದ ಬಂದಿತ್ತೋ ಅಲ್ಲಿಗೇ, ಒಂದೂ ತಪ್ಪದೆ ವಾಪಸು ಇಡುತ್ತಿದ್ದೆ. ಟೆಕ್ಸಸ್ಸಿಗೆ ಬಂದಮೇಲೂ ಕಾಯಿಲೆ ಬಿಡಲಿಲ್ಲ. ಹ್ಯೂಸ್ಟನ್ ಹತ್ತಿರ, ಪೇರ್ಲ್ಯಾಂಡಿನ ಮೀನಾಕ್ಷಿ ದೇವಸ್ಥಾನದ ಹೊರಗೆ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ನೋಡಲಾಗದೆ ಜೋಡಿಜೋಡಿಯಾಗಿ ಸಾಲಿಗೆ ಇಡುತ್ತಿದ್ದೆ. ಒಬ್ಬ ಹೆಂಗಸು ತಮ್ಮದನ್ನೂ ನನ್ನ ಮುಂದೆ ಬಿಟ್ಟು, “ಅಂಕಲ್, ಇದನ್ನೂ ಸ್ವಲ್ಪ ನೋಡ್ಕೊಳ್ಳಿ” ಎಂದು ಒಳಗೆ ಹೋದರು. ನನ್ನ ಹೆಂಡತಿ ಕಮಲ ಇದನ್ನು ಈಗಲೂ ಕಂಡಕಂಡವರಿಗೆ ಹೇಳಿ ನಗುತ್ತಾಳೆ.

ಈ ಕಾಯಿಲೆಯಿಂದ ನಾನು ಎರಡು ದೊಡ್ಡ ತಪ್ಪು ಮಾಡಿದ್ದೇನೆ. ಒಂದು ಡಲ್ಲಾಸಿನಲ್ಲಿ, ಸಭಾಂಗಣದ ತುಂಬ ಜನ ಇರುವಾಗ. ಇನ್ನೊಂದು ಮೈಸೂರಿನಲ್ಲಿ, ಯಾರೂ ನೋಡದಾಗ.

ನಮ್ಮ ಮಗಳು ಶಾಲಿನಿ ಡಲ್ಲಾಸಿನ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಟೆಲಿಕಾಂ ಎಂಜಿನಿಯರ್. ಆ ಕಂಪನಿಗಳು ವಾರವಾರವೂ ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಿದ್ದ ಕಾಲ. ಆಫೀಸಿನಿಂದ ಬಂದವಳು ಭೂತಗನ್ನಡಿ ಹಿಡಿದು, ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸಿಪಾಯಿಗಳಿಗೆ ಬಣ್ಣ ಹಚ್ಚುತ್ತಾ ಕೂರುತ್ತಿದ್ದಳು. ಮೀಸೆಗೆ ಒಂದೇ ಕೂದಲಿನ ಕುಂಚ. ಮೊದಮೊದಲು ನಾನು ಕಮಲಳ ಹತ್ತಿರ, “ಮೂವತ್ತೈದು ವರ್ಷ ಆಯ್ತು, ಇನ್ನೂ ಗೊಂಬೆ ಆಡ್ತಾಳಲ್ಲೇ” ಎಂದಿದ್ದೆ. ಆಮೇಲೆ ಗೊತ್ತಾಯಿತು, ಇದಕ್ಕೂ ಒಂದು ಲೋಕವಿದೆ ಎಂದು. ದೊಡ್ಡ ಮೇಜಿನ ಮೇಲೆ ಗುಡ್ಡ, ಹೊಳೆ, ಕೋಟೆ ಎಲ್ಲ ಕಟ್ಟಿ, ದಾಳ ಹಾಕಿ, ಹಳೆಯ ಯುದ್ಧಗಳನ್ನು ಮತ್ತೆ ಆಡುತ್ತಾರೆ. ವರ್ಷಕ್ಕೊಮ್ಮೆ ಡಲ್ಲಾಸಿನ ಹೋಟೆಲೊಂದರಲ್ಲಿ ಪ್ರದರ್ಶನ. ಆ ವರ್ಷ ಶಾಲಿನಿ ಮೊದಲ ಸಲ ತನ್ನದೇ ಮೇಜು ಹಾಕುವವಳಿದ್ದಳು. ಎರಡು ವರ್ಷ ಕೂತು ಅವಳು ಮಾಡಿದ್ದು ಶ್ರೀರಂಗಪಟ್ಟಣ.

ಪ್ರದರ್ಶನದ ದಿನ ಮೇಜಿನ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದಳು. ಕೋಟೆಗೋಡೆ, ಕಂದಕ, ಬೇಸಿಗೆಯಲ್ಲಿ ಬತ್ತಿ ಬಂಡೆ ತೋರಿಸುವ ಕಾವೇರಿ. ಹೊಳೆಯ ಎಲ್ಲಿ ಮೊಣಕಾಲುದ್ದ ನೀರು, ಎಲ್ಲಿ ಸೊಂಟದುದ್ದ ಎಂಬುದೂ ಬಣ್ಣದಲ್ಲಿತ್ತು. ಚಿಕ್ಕವಳಿದ್ದಾಗ ಅವಳ ಕೈ ಹಿಡಿದುಕೊಂಡು ಆ ಹೊಳೆ ದಾಟಿಸಿದವನು ನಾನೇ. ಅಕ್ಕಪಕ್ಕದ ಮೇಜಿನವರೆಲ್ಲ ಬಂದು ನೋಡುತ್ತಿದ್ದರು. ನಾನು ಕೇಳದವರಿಗೂ ಹೇಳಿದೆ: “ಮೈ ಡಾಟರ್. ಮೈ ರಿವರ್.”

ಆಟಕ್ಕೆ ನಾಲ್ವರು. ಇಬ್ಬರು ಹ್ಯೂಸ್ಟನ್ನಿನಿಂದ, ಒಬ್ಬರು ಡಲ್ಲಾಸಿನವರೇ, ಇನ್ನೊಬ್ಬ ಆಸ್ಟಿನ್ನಿನಿಂದ ನಸುಕಿಗೇ ಹೊರಟು ಡ್ರೈವ್ ಮಾಡಿಕೊಂಡು ಬಂದ ಹ್ಯಾಂಕ್ ಎಂಬ ಗಡ್ಡದ ಭಾರಿ ಆಸಾಮಿ. ಹ್ಯಾಂಕ್ ಕಂಪನಿ ಸರ್ಕಾರದ ಸೇನಾಪತಿ. ಶಾಲಿನಿ ಯಾರ ಕಡೆಯೂ ಅಲ್ಲ, ತೀರ್ಪು ಹೇಳುವವಳು. ಮಧ್ಯಾಹ್ನದ ಹೊತ್ತಿಗೆ ಕಂಪನಿಯವರು ಹೊಳೆಯ ನಡುವೆ ಇದ್ದರು. ಎಲ್ಲರೂ ಊಟಕ್ಕೆ ಎದ್ದರು.

“ಅಪ್ಪಾ, ಇಲ್ಲೇ ಇರಿ. ಯಾರೂ ಏನೂ ಮುಟ್ಟದ ಹಾಗೆ ನೋಡ್ಕೊಳ್ಳಿ. ಮೊದಲನೇ ಸಲ ಆಟ ನಡೆಸ್ತಿದೀನಿ, ಎಡವಟ್ಟಾದ್ರೆ ಮುಂದಿನ ವರ್ಷ ಮೇಜು ಕೊಡಲ್ಲ” ಎಂದಳು ಶಾಲಿನಿ.

ಯಾರನ್ನೂ ಹತ್ತಿರ ಬಿಡಲಿಲ್ಲ. ಆದರೆ ನನ್ನನ್ನು ಕಾಯುವವರು ಯಾರು? ಹೊಳೆಯಲ್ಲೂ ಗೋಡೆಯ ಬುಡದಲ್ಲೂ ಅಲ್ಲೊಬ್ಬ ಇಲ್ಲೊಬ್ಬ ಸಿಪಾಯಿ ಬಿದ್ದುಕೊಂಡಿದ್ದ. ನಮ್ಮ ಕಡೆ ದಸರಾ ಗೊಂಬೆ ಕೂರಿಸಿದರೆ, ವಿಜಯದಶಮಿಯ ಸಂಜೆ ಮನೆಯಾಕೆ ತಾನಾಗಿ ಮಲಗಿಸುವ ತನಕ ಒಂದು ಗೊಂಬೆಯೂ ಮಲಗಬಾರದು. ಫ್ಯಾನಿನ ಗಾಳಿಗೆ ಬಿದ್ದರೂ ಕಂಡವರು ಓಡಿಹೋಗಿ ನಿಲ್ಲಿಸಬೇಕು. ನಮ್ಮದೇ ಚದುರಂಗದಲ್ಲಿ ಸತ್ತವನನ್ನು ಮಣೆಯಿಂದ ಎತ್ತಿ ಪಕ್ಕಕ್ಕಿಡುತ್ತಾರೆ. ಇವರು ಹೆಣವನ್ನು ಬಿದ್ದಲ್ಲೇ ಬಿಟ್ಟು ಊಟಕ್ಕೆ ಹೋಗುತ್ತಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಒಬ್ಬನನ್ನು ನಿಲ್ಲಿಸಿದೆ. ಪಕ್ಕದವನು ಕಂಡ. ಅವರು ವಾಪಸು ಬರುವಷ್ಟರಲ್ಲಿ ಇಪ್ಪತ್ಮೂರು ಜನ ಸಾಲಾಗಿ ಎದ್ದು ನಿಂತಿದ್ದರು.

ಮೊದಲು ನೋಡಿದವನು ಹ್ಯಾಂಕ್. “ನನ್ನವರು ಎದ್ದಿದ್ದಾರೆ!” ಎಂದ. ನಂತರ ಎದುರು ಪಕ್ಷದವರನ್ನು ನೋಡಿ, “ಅವರೂ!” ಎಂದ. ಬಿದ್ದವರ ಲೆಕ್ಕದ ಮೇಲೆ ಯಾವ ದಳ ನಿಲ್ಲಬೇಕು, ಯಾವುದು ಓಡಬೇಕು ಎಂಬುದು ತೀರ್ಮಾನವಾಗುತ್ತದಂತೆ. ಹ್ಯೂಸ್ಟನ್ನಿನ ಒಬ್ಬರು, ಹೀಗಾದರೆ ಆಟ ಇಲ್ಲಿಗೇ ನಿಲ್ಲಿಸಬೇಕು ಎಂದರು. ಶಾಲಿನಿ ನನ್ನ ಕಡೆ ತಿರುಗಿದಳು.

“ಅಪ್ಪಾ, ಯಾರಾದ್ರೂ ಬಂದಿದ್ರಾ?”

‘ಹೌದಮ್ಮ, ಯಾವುದೋ ಮಗು ಬಂದಿತ್ತು’ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅಂಥ ಸುಳ್ಳು ಅವಳಿಗೆ ಒಮ್ಮೆ ಹೇಳಿದ್ದವನು ನಾನು. ಇನ್ನೊಮ್ಮೆ ಆಗಲಿಲ್ಲ. ಎದ್ದು ನಿಂತು ಕೈ ಮುಗಿದು, “ಸಾರಿ ಸರ್. ಆಲ್ ಡೆಡ್ ಪೀಪಲ್, ಐ ಓನ್ಲಿ ಮೇಡ್ ಸ್ಟ್ಯಾಂಡಿಂಗ್” ಎಂದೆ. ಯಾರೂ ನಗಲಿಲ್ಲ. ಆಗ ಮಗಳಿಗೆ ಹೇಳಿದೆ, “ಐದು ನಿಮಿಷ ಕೊಡು. ಯಾರು ಎಲ್ಲಿ ಹೇಗೆ ಮಲಗಿದ್ರೋ ಹಾಗೇ ಮಲಗಿಸ್ತೀನಿ.”

“ಇಪ್ಪತ್ತು ಮೂವತ್ತು ಜನ ಇದಾರೆ ಅಪ್ಪಾ!”

“ಇಪ್ಪತ್ಮೂರು. ನಲವತ್ತು ಸೀರೆಗಿಂತ ಕಮ್ಮಿ.”

ಒಬ್ಬೊಬ್ಬನನ್ನೇ ಮಲಗಿಸಿದೆ. ಹ್ಯಾಂಕ್ ಬೆಳಿಗ್ಗೆಯಿಂದ ತನ್ನ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೊ ತೆಗೆಯುತ್ತಲೇ ಇದ್ದ. ಊಟಕ್ಕೆ ಮುಂಚಿನದನ್ನು ತೆರೆದು, ಬೆಂಕಿಪೊಟ್ಟಣದಷ್ಟು ಪರದೆಯನ್ನೂ ಮೇಜನ್ನೂ ಬಹಳ ಹೊತ್ತು ಹೋಲಿಸಿದ. ಕೊನೆಗೆ ಒಬ್ಬನ ಮೇಲೆ ಬೆರಳಿಟ್ಟು, ಇವನ ತಲೆ ಮಾತ್ರ ಆ ಕಡೆ ಇತ್ತು ಎಂದ. ತಿರುಗಿಸಿದೆ. ಹ್ಯಾಂಕ್ ಶಾಲಿನಿಯನ್ನು ಕೇಳಿದ, ನಿಮ್ಮ ತಂದೆ ಮಿಲಿಟರಿಯಲ್ಲಿದ್ದರಾ? “ಇಲ್ಲ, ಸೀರೆ ಅಂಗಡಿಯಲ್ಲಿ” ಎಂದಳು. ಅದನ್ನು ಹೇಳುವಾಗ ಅವಳ ದನಿ ಎಷ್ಟು ನೆಟ್ಟಗಿತ್ತೆಂದರೆ, ನನಗೆ ಆ ಮೂವತ್ತೆಂಟು ವರ್ಷವೂ ಸಾರ್ಥಕ ಅನ್ನಿಸಿತು. ಆಟ ಮುಂದುವರಿಯಿತು. ನೋಡಲು ಬಂದವರು ಮತ ಹಾಕಿ ಅವಳ ಮೇಜನ್ನೇ ಆರಿಸಿದರು. ಅವರು ಕೊಟ್ಟ ಮರದ ಫಲಕವನ್ನು ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವನು ನಾನು.

ಆ ಕಾರಿನಲ್ಲೇ ನನ್ನ ಎರಡನೆಯ ತಪ್ಪಿನ ಬಗ್ಗೆ ಬಾಯಿಬಿಟ್ಟೆ. ಸಿಪಾಯಿಗಳನ್ನು ಮಲಗಿಸುವಾಗ ಬೆರಳಿಗೆ ಗುರುತು ಹತ್ತಿತ್ತು. ಅದೇ ದಪ್ಪ ರುಮಾಲು, ಅದೇ ಬಿಗಿದ ಸೊಂಟಪಟ್ಟಿ. ಅವಳು ಆರನೇ ಕ್ಲಾಸಿನಲ್ಲಿದ್ದಾಗ ಮಣ್ಣಿನಲ್ಲಿ ಮಾಡಿ ದಸರಾ ಗೊಂಬೆಯ ಕೊನೆ ಮೆಟ್ಟಿಲಲ್ಲಿ ಇಟ್ಟಿದ್ದ ಸಿಪಾಯಿಗಳಿಗೂ ಹೀಗೇ ಇದ್ದವು. ಎಲ್ಲ ವಾರೆ. ನಮ್ಮ ಅಂಗಡಿಯ ಧಣಿಗಳ ಮನೆಯವರು ಅರಿಶಿನ ಕುಂಕುಮಕ್ಕೆ ಬರುವ ದಿನ, ಸಾಲು ಕೆಡುತ್ತದೆ ಎಂದು ಅವನ್ನು ಹಿತ್ತಿಲಿನ ತೆಂಗಿನ ಬುಡಕ್ಕೆ ಹಾಕಿ ನೀರು ಬಿಟ್ಟಿದ್ದೆ. ಅವಳಿಗೆ, ಇಲಿ ಕೆಡವಿ ಒಡೆದುಹಾಕಿತು ಎಂದಿದ್ದೆ.

“ಇಲಿ ಅಲ್ಲಮ್ಮ ಅದು. ನಾನು.”

ಹೆದ್ದಾರಿಯ ಮೂರು ಎಕ್ಸಿಟ್ ದಾಟಿದೆವು.

“ಎಷ್ಟಿದ್ವು?” ಎಂದಳು ಆಮೇಲೆ.

“ಹನ್ನೊಂದು.”

“ಹನ್ನೆರಡು. ಒಬ್ಬ ನನ್ನ ಜಾಮಿಟ್ರಿ ಬಾಕ್ಸಲ್ಲಿದ್ದ.” ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡಿ ಲೇನ್ ಬದಲಿಸಿದಳು. “ಇಲಿಗೆ ಪಾಪ ಎಷ್ಟು ಬೈದಿದ್ದೆ ನಾನು. ಬೋನು ತರಿಸಿದ್ದೂ ನೀವೇ ಅಲ್ವಾ?”

ಹೌದು, ನಾನೇ. ತಲೆ ತಗ್ಗಿಸಿ ಕೂತೆ. ಅವಳು ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ.

ಮುಂದಿನ ತಿಂಗಳು ನವರಾತ್ರಿ. ಕಮಲ ರಟ್ಟಿನ ಡಬ್ಬಗಳ ಮೇಲೆ ಬಿಳಿ ಪಂಚೆ ಹಾಸಿ ಮೆಟ್ಟಿಲು ಮಾಡಿದ್ದಳು. ಕೊನೆಯ ಮೆಟ್ಟಿಲಲ್ಲಿ ಶಾಲಿನಿ ಶ್ರೀರಂಗಪಟ್ಟಣದ ಸೈನ್ಯ ನಿಲ್ಲಿಸಿದಳು. ಆ ಸೈನ್ಯಕ್ಕೆಲ್ಲ ಮುಂದಾಗಿ, ಒಳಗಿನಿಂದ ತಂದು, ಮೂಗು ಹೋದ, ಒಂದು ಕಾಲು ಸವೆದ ಮಣ್ಣಿನ ಸಿಪಾಯಿಯನ್ನಿಟ್ಟಳು. ಇಟ್ಟ ಕೂಡಲೆ ಅವನು ಪಕ್ಕಕ್ಕೆ ಉರುಳಿದ. ನನ್ನ ಕೈ ಮುಂದೆ ಹೋಗಿಬಿಟ್ಟಿತ್ತು. ಹಿಂದಕ್ಕೆ ಎಳೆದುಕೊಂಡೆ.

“ನಿಲ್ಲಿಸಲೇನಮ್ಮ?”

“ಹ್ಞೂಂ, ನಿಲ್ಲಿಸಿ.”

ಕಾಲಡಿಗೆ ಚೂರು ಮೇಣ ಒತ್ತಿ ನಿಲ್ಲಿಸಿದೆ. ಆದರೂ ಎಡಕ್ಕೆ ಸ್ವಲ್ಪ ವಾಲಿಯೇ ನಿಂತ. ಡಲ್ಲಾಸಿನ ಆಚೆ ಬದಿಯ ಲಾಸ್ ಕೊಲಿನಾಸಿನಿಂದ ಗೊಂಬೆ ನೋಡಲು ಬಂದವರೊಬ್ಬರು, “ಅಂಕಲ್, ಆ ಮುಂದಿನವನು ವಾರೆ ಇದಾನಲ್ಲ” ಎಂದರು.

“ಇರಲಿ, ಅವನು ಇರೋದೇ ಹಾಗೆ” ಎಂದೆ.