ತೊಟ್ಟಿಲಿನ ಮೇಲಿಂದ ಕೂಸು ದಾಟಿಸಲು ಕಲಿತ ಯೋಗ

ಮೊದಲ ಮೊಮ್ಮಗಳು ಹುಟ್ಟುವ ವರ್ಷ ನನ್ನ ಬಲಗೈ ಮುಷ್ಕರ ಹೂಡಿತು. ಕೋಥರೂಡದ ನಮ್ಮ ಮನೆಯಲ್ಲಿ ಮೇಲಿನ ಕಪಾಟಿನ ಸಕ್ಕರೆ ಡಬ್ಬಿಗೆ ಕೈ ಚಾಚಿದರೆ ಅದು ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಡಾಕ್ಟರು ಭುಜ ಬಿಗಿದುಕೊಂಡಿದೆ ಎಂದರು. ನಾಲ್ಕನೇ ಇಯತ್ತೆ ಓದಿದವಳು ನಾನು. ಭುಜಕ್ಕೆ ವಯಸ್ಸಾಗಿದೆ, ನನಗಲ್ಲ ಎಂದು ತಿಳಿದುಕೊಂಡೆ.

ಚಿಂತೆ ಸಕ್ಕರೆಯದಲ್ಲ. ಮಗಳು ಆಗ ಐದು ತಿಂಗಳ ಬಸುರಿ. ಹೆರಿಗೆ ನಮ್ಮಲ್ಲಿ, ಹೆಸರಿಡುವುದೂ ನಮ್ಮಲ್ಲಿ. ಆ ದಿನ ತೊಟ್ಟಿಲಿನ ಆಚೆ ಈಚೆ ಇಬ್ಬರು ನಿಂತು ಕೂಸನ್ನು ಮೇಲಿಂದ ಕೊಟ್ಟು ಕೆಳಗಿಂದ ತೆಗೆದುಕೊಳ್ಳುವುದು ನಮ್ಮ ಪದ್ಧತಿ. ಆ ಕೈಗಳಲ್ಲಿ ಎರಡು ನನ್ನವೇ ಆಗಬೇಕು ಎಂದು ಮಗಳ ಮದುವೆಯ ದಿನವೇ ಗಟ್ಟಿ ಮಾಡಿಕೊಂಡಿದ್ದೆ.

ಮೇಲಿನ ಮನೆಗೆ ಸೊಸೆಯಾಗಿ ಬಂದ ಧಾರವಾಡದ ಹುಡುಗಿ ಸೊಸೈಟಿಯ ಹಾಲ್‌ನಲ್ಲಿ ಯಿನ್ ಯೋಗ ಎಂಬುದನ್ನು ಹೇಳಿಕೊಡುತ್ತಿದ್ದಳು. ಒಂದು ಭಂಗಿಯಲ್ಲಿ ಮೂರು ನಾಲ್ಕು ನಿಮಿಷ ಸುಮ್ಮನೆ ಇರಬೇಕು, ಅಷ್ಟೇ. ಏನೂ ಮಾಡದೆ ಸುಮ್ಮನಿರುವ ಯೋಗ ನಮ್ಮ ಯಜಮಾನರಿಗೆ ಮೊದಲೇ ಬರುತ್ತಿತ್ತು. ನಾನು ಹೋಗಿ ಸೇರಿದೆ.

ಮೊದಲ ದಿನ ಮೊಣಕಾಲೂರಿ, ಕೈ ಮುಂದೆ ಚಾಚಿ, ಎದೆಯನ್ನು ನೆಲಕ್ಕೆ ಬಿಡಿರಿ ಎಂದಳು. ಉಳಿದವರು ಕಾದ ತುಪ್ಪದಂತೆ ಹರಿದು ಮಲಗಿದರು. ನನ್ನ ಬಲಗೈ ಮಾತ್ರ ಬಸ್ಸಿಗೆ ಕೈ ಮಾಡಿದಂತೆ ಗಾಳಿಯಲ್ಲಿ ನಿಂತಿತ್ತು. ನಾಚಿಕೆಯಾಗಿ, ಎಡಗೈಯಿಂದ ಅದನ್ನು ಒತ್ತಿ ಹಾಕಿದೆ. ಮುಂದೆ ನಾಲ್ಕು ದಿನ ನೋವಿಗೆ ಕೈ ಏಳಲೇ ಇಲ್ಲ; ನನ್ನ ಹೆರಳು ಹೆಣೆದವರು ಯಜಮಾನರು. ಆ ಹೆರಳಿನಿಂದ ಎತ್ತು ಕಟ್ಟಬಹುದಿತ್ತು.

ಹುಡುಗಿ ಮನೆಗೇ ಬಂದು ಬೈದಳು.

"ಕಾಕೂ, ಕೈ ನೆಲಕ್ಕ ಒಯ್ಯಬ್ಯಾಡ್ರಿ. ನೆಲಾನ ಕೈಗೆ ತರ್ರಿ."

"ನೆಲಾ ಹ್ಯಾಂಗ ತರ್ಲೆವ್ವಾ? ಎತ್ತಿದ್ರ ಕೆಳಗಿನ ಮನಿಯವರು ಬೈತಾರ."

ನಗುತ್ತ ಕುರ್ಚಿಯ ಮೇಲೆ ನಮ್ಮ ಕೌದಿಗಳನ್ನು ಒಂದರ ಮೇಲೊಂದು ಮಡಚಿಟ್ಟಳು. ನಾನು ಮುಂದೆ ಮಣೆಯ ಮೇಲೆ ಕುಳಿತೆ; ಬಲಗೈಯನ್ನು ಕೌದಿಗಳ ಮೇಲೆ ಮಲಗಿಸಿದಳು. "ನೋವು ಬರೂ ಮೊದಲ ನಿಲ್ರಿ. ಜಗ್ಗಬ್ಯಾಡ್ರಿ."

ಜಗ್ಗದೆ ಇರುವುದು ನನಗೆ ಭಾಳ ಕಷ್ಟವಾಯಿತು. ಜೀವನವಿಡೀ ಜಗ್ಗಿದವಳು. ಗಡಿಯಾರ ನೋಡಿದರೆ ನಿಮಿಷ ಮುಂದೆ ಹೋಗುವುದಿಲ್ಲ ಎಂದು ಬೇಳೆಯ ಕುಕ್ಕರ್ ಇಟ್ಟು ಸೀಟಿ ಎಣಿಸತೊಡಗಿದೆ. ಒಮ್ಮೆ ಹಾಗೇ ನಿದ್ದೆ ಹೋದೆ.

"ಬ್ಯಾಳಿ ಸೀದದ. ಯೋಗ ಮುಗೀತೇನು?" ಎಂದು ಯಜಮಾನರು ಎಬ್ಬಿಸಿದರು.

ಬೆನ್ನ ಹಿಂದೆ ಎರಡು ಕೈ ಕೂಡದಿದ್ದಾಗ ನಡುವೆ ಹಳೆಯ ಸೀರೆ ಹಿಡಿದೆ. ಬಲಗೈಯನ್ನು ಹಿಂದೆ ಚಾಚಲು ಬಾಗಿಲ ಚೌಕಟ್ಟು ಹಿಡಿದೆ. ಕೈ ಏರಿದಂತೆಲ್ಲ ಕುರ್ಚಿಯ ಮೇಲೆ ಇನ್ನೊಂದು ಕೌದಿ ಏರಿಸಿದೆ. ಮಗಳಿಗೆ ಒಂಬತ್ತು ತಿಂಗಳು ತುಂಬುವಾಗ ಕೈ ಗದ್ದದವರೆಗೆ ಏರುತ್ತಿತ್ತು. ತೊಟ್ಟಿಲಿನ ಮೇಲಿಂದ ಕೂಸು ದಾಟಿಸಲು ಇನ್ನೂ ಒಂದು ಗೇಣು ಬೇಕಿತ್ತು.

ಮೊಮ್ಮಗಳು ಹುಟ್ಟಿದಳು. ಹೆಸರಿಡುವ ಬೆಳಿಗ್ಗೆ ನನಗೆ ಹೊಳೆಯಿತು: ಕೈ ಏರದಿದ್ದರೆ ತೊಟ್ಟಿಲು ಇಳಿಯಲಿ! ಯಜಮಾನರಿಗೆ ಹೇಳಿ ಸರಪಳಿ ಇಳಿಸಿದೆ. ಆದರೆ ಪದ್ಧತಿಯಂತೆ ಕೂಸಿಗಿಂತ ಮೊದಲು, ಕೂಸಿನ ಕುಂಚಿಗೆ ತೊಡಿಸಿದ ಗುಂಡುಕಲ್ಲನ್ನು ದಾಟಿಸುವಾಗ ತೊಟ್ಟಿಲ ಕೆಳಗೆ ಜಾಗವೇ ಇಲ್ಲ. ತೊಟ್ಟಿಲ ಆಚೆ ನಿಂತಿದ್ದ, ತಳೇಗಾಂವದಿಂದ ಬಂದ ಬೀಗತಿ ಹೊಸ ರೇಷ್ಮೆ ಸೀರೆಯಲ್ಲಿ ನೆಲಕ್ಕೆ ಮೊಣಕೈಯೂರಿ ಕೇಳಿದರು:

"ತೊಟ್ಟಲಾ ಕಟ್ಟೀರೋ, ಕೂಡಾಕ ಮಣಿ ಹಾಕೀರೋ?"

ಮನೆ ತುಂಬ ನಗು. ಯಜಮಾನರು ಸ್ಟೂಲ್ ಹತ್ತಿ ಸರಪಳಿಯನ್ನು ಮೊದಲಿನಂತೆ ಏರಿಸಿದರು. ಮತ್ತೆ ಕಲ್ಲು ಹಿಡಿದಾಗ ನನ್ನ ಕೈ ಗದ್ದಕ್ಕೆ ಬಂದು ನಿಂತಿತು. ಬೀಗತಿ ನೋಡಿದರು. ಮೆತ್ತಗೆ, ಯಾರಿಗೂ ಕೇಳದಂತೆ, "ಬ್ಯಾರೆಯವರು ನಿಲ್ಲಲೇನ್ರೀ?" ಎಂದರು.

"ಬ್ಯಾಡ್ರಿ. ತೊಟ್ಟಲಾ ಗಟ್ಟಿ ಹಿಡೀರಿ ಯಾರರೆ."

ನೆರೆಮನೆಯವರಿಬ್ಬರು ಹಿಡಿದರು. ನಾನು ಎರಡೂ ಮೊಣಕೈಗಳನ್ನು ತೊಟ್ಟಿಲ ಅಂಚಿಗೆ ಊರಿ, ಅಂಗೈ ಬಿಚ್ಚಿ, ಸುಮ್ಮನೆ ನಿಂತೆ. ಎತ್ತಲಿಲ್ಲ, ಜಗ್ಗಲಿಲ್ಲ. ಮೊದಲು ಕಲ್ಲು ದಾಟಿತು. ಆಮೇಲೆ ಬೀಗತಿ ಪೂರ್ತಿ ಬಾಗಿ ಕೂಸನ್ನು ತಂದು ನನ್ನ ಕೈಯೊಳಗೆ ಇಟ್ಟರು.

ಬೆಚ್ಚಗೆ, ಧೂಪದ ವಾಸನೆಯ ನನ್ನ ಮೊಮ್ಮಗಳು ಬಂದಳು! ಭುಜ ಎಲ್ಲಿದೆ ಎಂಬುದೂ ಮರೆತುಹೋಯಿತು. ಇನ್ನು ಕೆಳಗಿಂದ ದಾಟಿಸಬೇಕು, ಆಚೆ ಬೀಗತಿ ಕೈ ಚಾಚಿ ಕಾಯುತ್ತಿದ್ದಾರೆ. ನಾನು ಎದೆಗೆ ಅವಚಿಕೊಂಡು ಅಳುತ್ತ ನಿಂತಿದ್ದೇನೆ.

"ಕೊಡ್ರಿ ಬೀಗತೇರ, ಇನ್ನೂ ಹೆಸರಿಡೂದದ," ಎಂದರು ಬೀಗತಿ.

"ಇಡೂಣಂತ ತಡೀರಿ," ಎಂದೆ.