ಮಾತಾಡಿಸಲು ಬಂದವರು

ನನ್ನ ಮೊದಲ ಕಾದಂಬರಿಯ ನಾಯಕ ನದಿಯ ದಂಡೆಯ ಮೇಲೆ ಕುಳಿತು ಬದುಕಿನ ಅರ್ಥ ಹುಡುಕುತ್ತಿದ್ದ. ಅವನ ಮನೆ ಹುಬ್ಬಳ್ಳಿಯ ನವನಗರದಲ್ಲಿ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ನದಿಯೇ ಇಲ್ಲ. ಆ ಮಹಾಶಯ ದಿನಾ ಸಂಜೆ ಎಲ್ಲಿಗೆ ಹೋಗುತ್ತಿದ್ದನೋ ಬರೆದ ನನಗೇ ಗೊತ್ತಿರಲಿಲ್ಲ. ಆದರೂ ವರ್ಷಗಟ್ಟಲೆ ತಿದ್ದಿದೆ. ಪ್ರಕಾಶಕರು ಹಸ್ತಪ್ರತಿ ಮರಳಿಸುತ್ತ, "ಭಾಷಾ ಭಾಳ ಛಲೋ ಐತ್ರಿ. ಎಲ್ಲೋ ಓದಿದಂಗ ಅನಸ್ತೈತಿ, ಅಷ್ಟ" ಅಂದರು. ಮನಸ್ಸಿನಲ್ಲೇ ಅವರನ್ನು ಬೈದೆ. ಅವರು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅಪ್ಪ ತೀರಿಕೊಂಡದ್ದು ಒಂದು ರವಿವಾರ ಮುಂಜಾನೆ. ಆಗ ನಾನು ಧಾರವಾಡದಲ್ಲಿ ಯಾರದೋ ಪುಸ್ತಕ ಬಿಡುಗಡೆಯಲ್ಲಿದ್ದೆ. ವೇದಿಕೆಯ ಮೇಲಿನವರು ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು, ಒಬ್ಬರೂ ಪುಸ್ತಕ ಓದಿರಲಿಲ್ಲ. ಮನೆಯಲ್ಲಿ ಅವ್ವ ಮಾತ್ರ ಇದ್ದಳು. ಅಪ್ಪ ಚಹಾ ಕುಡಿದು, ಕುರ್ಚಿಯಲ್ಲಿ ಕುಳಿತಲ್ಲೇ ಹೋಗಿಬಿಟ್ಟಿದ್ದ.

ಮರುದಿನದಿಂದ ಜನ ಮಾತಾಡಿಸಲು ಬರತೊಡಗಿದರು. ನಮ್ಮ ಕಡೆ ಸತ್ತವರ ಮನೆಗೆ ಹೋದವರು ಜಮಖಾನೆಯ ಮೇಲೆ ಕೂತು, "ಹೆಂಗಾತ್ರಿ?" ಅಂತ ಕೇಳಬೇಕು. ಮನೆಯವರು ಮೊದಲಿನಿಂದ ಹೇಳಬೇಕು. ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬರು ಚಪ್ಪಲಿ ಬಿಡುತ್ತಾರೆ. ಮತ್ತೆ ಮೊದಲಿನಿಂದ. ನನಗೆ ರೇಗಿಹೋಯಿತು. ಇವರಿಗೆ ಇದೇನು ಸಿನಿಮಾವೇ?

ಅಪ್ಪನ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಕೇಶ್ವಾಪುರದ ಮೆಕ್ಯಾನಿಕ್ ಭಾಯಿ ಬಂದ. "ಚಾ ಕುಡದ್ರು ತಮ್ಮಾ," ಅಂದಳು ಅವ್ವ. "ಗಾಡಿ ನಮ್ಮ ಭಾಯಿ ಕೈಯಾಗ ಕೊಟ್ರನ ಛಲೋ ಅಂದ್ರು. ಅಷ್ಟ ನೋಡು, ಕಣ್ಣ ಮುಚ್ಚಿದ್ರು." ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಮಧ್ಯಾಹ್ನ ನಮ್ಮ ದೂರದ ಸಂಬಂಧಿ, ಹತ್ತಿ ದಲಾಲರು ಬಂದರು. "ಚಾ ಕುಡದ್ರು ಅಣ್ಣಾರ. ನಿಮ್ಮನ್ನ ಭೆಟ್ಟಿಯಾಗಿ ಭಾಳ ದಿನಾ ಆತು ಅಂದ್ರು." ದಲಾಲರೂ ಅತ್ತರು. ಯಾರಾದರೂ ಆ ಮನುಷ್ಯನ ಹೆಸರೆತ್ತಿದರೆ ಸಾಕು, ಅಪ್ಪ ಮುಖ ಸಿಂಡರಿಸುತ್ತಿದ್ದ. ಸಂಜೆಯ ಹೊತ್ತಿಗೆ ನಮ್ಮಪ್ಪ ಸಾಯುವ ಮುಂಚೆ ಅರ್ಧ ಊರನ್ನೇ ನೆನೆಸಿಕೊಂಡಿದ್ದ. ಅವ್ವ ಹೀಗೆ ಸಲೀಸಾಗಿ ಸುಳ್ಳು ಹೇಳುವುದನ್ನು ಕೇಳಿ ನನಗೆ ನಾಚಿಕೆಯಾಯಿತು.

ಮಾರನೆಯ ದಿನ ಅವ್ವ ಸ್ನಾನಕ್ಕೆ ಹೋದಾಗ, ತಾರಿಹಾಳದ ಕಾರ್ಖಾನೆಯಲ್ಲಿ ಅಪ್ಪನ ಜೊತೆ ದುಡಿದಿದ್ದ ಮುದುಕರೊಬ್ಬರು ಬಂದರು. ನಾನೇ ಹೇಳಬೇಕಾಯಿತು. ಗಂಟಲು ಸರಿಮಾಡಿಕೊಂಡು, ಸಾವು ಎಷ್ಟು ಸದ್ದಿಲ್ಲದೆ ಬರುತ್ತದೆ ಎಂದು ಶುರುಮಾಡಿದೆ.

"ಅದಿರ್ಲಿ ತಮ್ಮಾ," ಅಂದರು ಅವರು. "ಚಾ ಪೂರಾ ಕುಡದಿದ್ರೋ ಇಲ್ಲೋ?"

ನನಗೆ ಗೊತ್ತಿರಲಿಲ್ಲ. ಅವರು ಅವ್ವನ ದಾರಿ ಕಾಯುತ್ತ ಒಳಗಿನ ಬಾಗಿಲ ಕಡೆ ನೋಡುತ್ತ ಕುಳಿತರು. ನನ್ನ ಬರವಣಿಗೆಗೆ ಅದಕ್ಕಿಂತ ಕಟುವಾದ ವಿಮರ್ಶೆ ಇದುವರೆಗೆ ಬಂದಿಲ್ಲ.

ನನ್ನ ಹಸ್ತಪ್ರತಿಯಲ್ಲಿ ಹೇಳುವವನೂ ನಾನೇ, ಕೇಳುವವನೂ ನಾನೇ. ಅವ್ವ ಎದುರಿಗೆ ಕುಳಿತವರ ಮುಖ ನೋಡಿ ಹೇಳುತ್ತಿದ್ದಳು. ಜನ ಬರುವುದು ನಿಂತ ಮೇಲೆ ನನ್ನ ನಾಯಕನನ್ನು ರದ್ದಿಗೆ ಹಾಕಿ ಹೊಸದನ್ನು ಶುರುಮಾಡಿದೆ. ಒಂದೇ ಮುಂಜಾನೆ, ಬಂದವರಿಗೆ ಒಂದೊಂದು ಅಧ್ಯಾಯ, ಪ್ರತಿ ಸಲವೂ ಮೊದಲಿನಿಂದ. ಕೈ ನಿಲ್ಲಲೇ ಇಲ್ಲ. ಇದು ಹೊರದೇಶದಿಂದ ಬಂದ ತಂತ್ರ ಎಂದು ನಾಳೆ ಯಾರೋ ವೇದಿಕೆ ಹತ್ತಿ ಭಾಷಣ ಬಿಗಿಯುತ್ತಾರೆ. ಬಿಗಿಯಲಿ.

ಕೊನೆಯ ಅಧ್ಯಾಯ ಮಗನದು. ಅಲ್ಲಿ ಪೆನ್ನು ನಿಂತಿತು. ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ಖರೇ ಹೇಳು. ಅಪ್ಪ ನನ್ನ ಬಗ್ಗೆ ಏನರ ಅಂದ್ನೇನು?"

ಬಡಿಯುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಿದಳು.

"ನಿನಗೂ ಸುಳ್ಳ ಹೇಳ್ಲೇನಪಾ?" ಅಂದಳು.

ಹೂಂ, ಹೇಳು ಅನ್ನಬೇಕೆನಿಸಿತು.